ಅಂಗನವಾಡಿ ಯಾರ ಬಾಬ್ತು?

"ಅದು ನಮ್ಮ ಬಾಬ್ತಲ್ಲ ಕಣಮ್ಮ, ಇಲಾಖೆದು."

ಗ್ರಾಮ ಪಂಚಾಯಿತಿ ಸದಸ್ಯೆಯಾದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಅಂಗನವಾಡಿ ಸೋರುತ್ತಿದೆ ಅಂದರೂ ಇದೇ ಉತ್ತರ, ನೀರಿಲ್ಲ ಅಂದರೂ ಇದೇ ಉತ್ತರ. ಅಂಗನವಾಡಿ ನಡೆಸುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಆಫೀಸಿಗೆ ಹೋದರೆ ಅಲ್ಲಿ ಬೇರೆ ಉತ್ತರ: "ಜಾಗ, ನೀರು, ಕರೆಂಟು ಎಲ್ಲ ಪಂಚಾಯಿತಿಯವರು ನೋಡ್ಕೋಬೇಕು ಮೇಡಂ." ನಮ್ಮೂರಿನ ಒಂದು ಅಂಗನವಾಡಿಗೆ ಸ್ವಂತ ಸೂರು ಮಾಡಿಸಲು, ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆ ಒಂದು ನೆರಳು ಮಾಡಿಸಲು ನಾವು ಓಡಾಡಿದ್ದನ್ನು ಬರೆಯುತ್ತಿದ್ದೇನೆ. ಬೇರೆ ಊರಿನ ಸದಸ್ಯೆಯರಿಗೆ, ತಾಯಂದಿರಿಗೆ ಉಪಯೋಗಕ್ಕೆ ಬಂದರೆ ಬರಲಿ ಅಂತ.

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆ. ಕಡಲೆಕಾಯಿ, ರಾಗಿ, ನೀರಿದ್ದವರಿಗೆ ಅಡಿಕೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ವಾರ್ಡಿನ ಒಂದು ಸೀಟು ಮಹಿಳೆಗೆ ಮೀಸಲಾಗಿತ್ತು. ನಾನು ಅಲ್ಲಿಯವರೆಗೆ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದೆ, ಅಷ್ಟೇ. ಸಂಘದವರೇ ನಿಲ್ಲಿಸಿದರು, ಗೆದ್ದೆ. ಮತ ಕೇಳಲು ಹೋದ ಮನೆಗಳಲ್ಲಿ ಚರಂಡಿ ಕೇಳಿದರು, ಬೀದಿದೀಪ ಕೇಳಿದರು, ಮನೆ ಕೇಳಿದರು. ಅಂಗನವಾಡಿ ಬಗ್ಗೆ ಒಬ್ಬರೂ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಮೂರು ವರ್ಷದ ಮಗುವಿಗೆ ಓಟಿಲ್ಲ, ಅದರ ತಾಯಿಗೆ ಸಭೆಗೆ ಬರಲು ಪುರಸೊತ್ತಿಲ್ಲ. ಇನ್ನು ಆ ಮಾತು ಎತ್ತುವವರು ಯಾರು ಅಲ್ವಾ?

ಕೊರೋನಾದಿಂದ ಮುಚ್ಚಿದ್ದ ಅಂಗನವಾಡಿಗಳು 2021ರ ನವೆಂಬರ್ 8ಕ್ಕೆ ತೆರೆದವು. ನನ್ನ ಮಗಳಿಗೆ ಆಗ ಮೂರೂವರೆ ವರ್ಷ. ಅವಳನ್ನು ಕೈಹಿಡಿದು ಕರೆದುಕೊಂಡು ಹೋದೆ. ದೇವಸ್ಥಾನದ ಪಕ್ಕದ ಒಂದೇ ಒಂದು ಕೋಣೆ, ಮೇಲೆ ಶೀಟು. ಹಾಜರಾತಿಯಲ್ಲಿ 23 ಮಕ್ಕಳು. ಅದೇ ಕೋಣೆಯಲ್ಲಿ ಗ್ಯಾಸ್ ಒಲೆ, ಅಕ್ಕಿ ಮೂಟೆ, ತೂಕದ ಯಂತ್ರ, ರಿಜಿಸ್ಟರ್ ತುಂಬಿದ ಬೀರು. ಆ ನವೆಂಬರಿನಲ್ಲಿ ಎಂಥ ಮಳೆ ಬಂತು ಅಂತ ನಮ್ಮ ಕಡೆಯವರಿಗೆಲ್ಲ ನೆನಪಿದೆ, ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆದ ವರ್ಷ. ಒಂದು ದಿನ ಮಧ್ಯಾಹ್ನ ಮಗಳನ್ನು ಕರೆತರಲು ಹೋದಾಗ ಕೋಣೆ ಪೂರ್ತಿ ನೀರು. ಟೀಚರ್ ಮತ್ತು ಆಯಾ ಒಂದೊಂದೇ ಮಗುವನ್ನು ಎತ್ತಿ ದೇವಸ್ಥಾನದ ಜಗಲಿ ಮೇಲೆ ಕೂರಿಸುತ್ತಿದ್ದರು. ಮಕ್ಕಳ ತಟ್ಟೆಯ ಅನ್ನ ಸಾಂಬಾರಿಗೆ ಶೀಟಿನ ನೀರು ತೊಟ್ಟಿಕ್ಕುತ್ತಿತ್ತು. ನಾನು ಸದಸ್ಯೆಯಾಗಿ ಆಗಲೇ ಹತ್ತು ತಿಂಗಳು ಕಳೆದಿತ್ತು. ಆ ಕೋಣೆಯ ಒಳಗೆ ಕಾಲಿಟ್ಟದ್ದು ಮಗಳನ್ನು ಸೇರಿಸಿದ ಮೇಲೆಯೇ. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಕಸಿವಿಸಿಯಾಗುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಎತ್ತಿದೆ. ಆಗ ಬಂದದ್ದೇ ಮೇಲೆ ಹೇಳಿದ ಉತ್ತರ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಟೀಚರ್ ಪಂಚಾಯಿತಿಗೆ ವರದಿ ಕೊಡುವುದಿಲ್ಲ, ಅವರ ಗೌರವಧನ ಇಲ್ಲಿಂದ ಹೋಗುವುದಿಲ್ಲ. ಅಕ್ಕಿ, ಬೇಳೆ, ಹಾಲಿನ ಪುಡಿ ಎಲ್ಲ ಮಹಿಳಾ ಮತ್ತು ಮಕ್ಕಳ ಇಲಾಖೆಯಿಂದ ಬರುತ್ತದೆ. ಮೇಲ್ವಿಚಾರಕಿ ಬರುವುದು ತಾಲ್ಲೂಕಿನಿಂದ, ಅವರ ಮೇಲೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಹಾಗಿದ್ದ ಮೇಲೆ ನಮಗೇನು ಸಂಬಂಧ ಅಂತ.

ಸಂಬಂಧ ಇದೆ. ಅದನ್ನು ತಿಳಿದುಕೊಳ್ಳಲು ನನಗೆ ಮೂರ್ನಾಲ್ಕು ತಿಂಗಳು ಬೇಕಾಯಿತು. ಸದಸ್ಯರ ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕವನ್ನು ರಾತ್ರಿ ಹೊತ್ತು ಕೂತು ಓದಿದೆ. ಸಂವಿಧಾನದ 73ನೇ ತಿದ್ದುಪಡಿಯ ಜೊತೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳಿವೆ. ಅದರಲ್ಲಿ 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಬಂದದ್ದು 1993ರಲ್ಲಿ. ಅಂಗನವಾಡಿ ಅದಕ್ಕಿಂತ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂದರೆ ಊರಿನ ಪಂಚಾಯಿತಿಗೆ ಈಗಿನ ಅಧಿಕಾರ ಬರುವುದಕ್ಕೆ ಹದಿನೆಂಟು ವರ್ಷ ಮೊದಲೇ ಅಂಗನವಾಡಿ ಇಲಾಖೆಯ ಕೂಸಾಗಿ ಹುಟ್ಟಿ ಬೆಳೆದಿತ್ತು. ಕಾಗದದಲ್ಲಿ ಜವಾಬ್ದಾರಿ ಕೆಳಗೆ ಬಂತು, ಮನಸ್ಸಿನಲ್ಲಿ ಬರಲಿಲ್ಲ. ನನಗೆ ಅರ್ಥವಾದದ್ದು ಇಷ್ಟು: ಟೀಚರ್, ಊಟ, ತರಬೇತಿ ಇಲಾಖೆಯದ್ದು. ಜಾಗ, ನೀರು, ಕರೆಂಟು, ಶೌಚಾಲಯ, ದಾರಿ ನಮ್ಮದು. ಎರಡರ ನಡುವೆ ನಿಂತಿರುವುದು ಮಗು.

ಇಲಾಖೆಯ ಆಫೀಸಿಗೆ ಹೋಗಿ ಕೇಳಿದಾಗ ಅಲ್ಲಿನ ಮೇಡಂ ನೇರವಾಗಿ ಹೇಳಿದರು, "ನೀವು ಜಾಗ ಕೊಡಿ, ಖಾತೆ ಮಾಡಿಸಿ ಕೊಡಿ. ಮಿಕ್ಕಿದ್ದು ಮಾತಾಡೋಣ." ಸರಿ ಅನ್ನಿಸಿತು. ಆದರೆ ಜಾಗ ಎಲ್ಲಿದೆ?

ಊರ ನಡುವೆ ಗ್ರಾಮಠಾಣಾ ಜಾಗ ಇತ್ತು. ಅದರ ಮೇಲೆ ಒಂಬತ್ತು ಮನೆಯವರ ತಿಪ್ಪೆ, ಮೂರು ಹುಲ್ಲಿನ ಬಣವೆ. ಯಾರದ್ದೂ ಅಲ್ಲದ ಜಾಗ, ಆದರೆ ಅಜ್ಜನ ಕಾಲದಿಂದ ತಿಪ್ಪೆ ಅಲ್ಲೇ. ತಿಪ್ಪೆ ಅಂದರೆ ಕಸ ಅಂದುಕೊಳ್ಳಬೇಡಿ, ರೈತನಿಗೆ ಅದು ಮುಂದಿನ ವರ್ಷದ ಗೊಬ್ಬರ. "ತೆಗೀರಿ" ಅಂದರೆ "ಎಲ್ಲಿಗೆ ಹಾಕ್ಲಿ?" ಅನ್ನುವುದು ನ್ಯಾಯವಾದ ಪ್ರಶ್ನೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನೋಟಿಸ್ ಕೊಡೋಣ ಅಂದರು. ನಾನು ಬೇಡ ಅಂದೆ. ನೋಟಿಸ್ ಕೊಟ್ಟರೆ ಕಟ್ಟಡ ಬರಬಹುದು, ಆದರೆ ಆ ಒಂಬತ್ತು ಮನೆಯ ಮಕ್ಕಳು ಅಂಗನವಾಡಿಗೆ ಬರುವುದಿಲ್ಲ. ಸಂಘದ ಹೆಂಗಸರು ನಾಲ್ಕೈದು ಜನ ಸೇರಿ ಒಂದೊಂದೇ ಮನೆಗೆ ಸಂಜೆ ಹೊತ್ತು ಹೋದೆವು. ಕೆರೆ ಏರಿ ಕೆಳಗೆ ಬದಲಿ ಜಾಗ ಅಳೆದು, ಸುಣ್ಣದ ಗೆರೆ ಹಾಕಿ ತೋರಿಸಿದೆವು. ಏಳು ಮನೆಯವರು ಯುಗಾದಿಗೆ ಮೊದಲೇ ಗೊಬ್ಬರ ಹೊಲಕ್ಕೆ ಹೊಡೆದು ಖಾಲಿ ಮಾಡಿದರು. ಒಬ್ಬರು ಪಂಚಾಯಿತಿ ಮೇಲೆ ಕೋರ್ಟಿಗೆ ಹೋಗುತ್ತೇನೆ ಅಂದರು. ಕೊನೆಗೆ ಅವರ ತಾಯಿಯೇ, ಎಂಬತ್ತು ದಾಟಿದ ಅಜ್ಜಿ, "ನನ್ ಮೊಮ್ಮಗಳ ಮಗ ಹೋಗೋ ಜಾಗ ಕಣೋ, ಬಿಡೋ" ಅಂತ ಗದರಿದ ಮೇಲೆ ಸುಮ್ಮನಾದರು. ಇನ್ನೊಂದು ತಿಪ್ಪೆ ಬಿಡಿಸುವುದಕ್ಕೆ ಮಾತ್ರ ಆರು ತಿಂಗಳು ಹಿಡಿಯಿತು. ಸರ್ವೆ, ಚೆಕ್ಕುಬಂದಿ, ಇ-ಸ್ವತ್ತಿನಲ್ಲಿ ಅಂಗನವಾಡಿ ಹೆಸರಿಗೆ ಖಾತೆ, ಇಷ್ಟು ಆಗುವ ಹೊತ್ತಿಗೆ 2022ರ ದಸರಾ ಬಂದಿತ್ತು.

ದುಡ್ಡಿನ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆಗ ಹೊಸದಾಗಿ ಬಂದಿದ್ದ ಸಕ್ಷಮ ಅಂಗನವಾಡಿ ಯೋಜನೆಯಲ್ಲಿ ಒಂದು ಕಟ್ಟಡಕ್ಕೆ 12 ಲಕ್ಷ ರೂಪಾಯಿ. ಅದರಲ್ಲಿ 8 ಲಕ್ಷ ನರೇಗಾದಿಂದ, ಅಂದರೆ ಉದ್ಯೋಗ ಖಾತ್ರಿ ಯೋಜನೆಯಿಂದ, 2 ಲಕ್ಷ ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಿಂದ, 2 ಲಕ್ಷ ಇಲಾಖೆಯಿಂದ. ಮೂರು ಜೇಬಿನ ದುಡ್ಡು. ಒಂದು ಜೇಬು ತೆರೆಯದಿದ್ದರೂ ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ನರೇಗಾದಲ್ಲಿ ಇನ್ನೊಂದು ನಿಯಮ ಇತ್ತು. ಒಟ್ಟು ಖರ್ಚಿನಲ್ಲಿ ಕೂಲಿಗೆ ಕನಿಷ್ಠ 60 ಪಾಲು ಹೋಗಬೇಕಿತ್ತು, ಸಾಮಗ್ರಿಗೆ 40ಕ್ಕಿಂತ ಜಾಸ್ತಿ ಹೋಗಬಾರದಿತ್ತು. ಆದರೆ ಕಟ್ಟಡ ಅಂದರೆ ಬರೀ ಸಾಮಗ್ರಿ. ಕಬ್ಬಿಣ, ಸಿಮೆಂಟು, ಇಟ್ಟಿಗೆ, ಜಲ್ಲಿ. ಅಲ್ಲಿ ಕೂಲಿಯ ಪಾಲು ತೀರಾ ಕಡಿಮೆ. "ಇದಕ್ಕೇ ನಾವು ಅಂಗನವಾಡಿ ತಗೊಳಲ್ಲ" ಅಂದರು ನಮ್ಮ ಇಂಜಿನಿಯರ್.

ಆದರೆ ಆ ಲೆಕ್ಕವನ್ನು ಒಂದೊಂದು ಕಾಮಗಾರಿಗೆ ಹಾಕುತ್ತಿರಲಿಲ್ಲ, ಇಡೀ ಪಂಚಾಯಿತಿಯ ಕೆಲಸಗಳನ್ನು ಒಟ್ಟು ಸೇರಿಸಿ ಹಾಕುತ್ತಿದ್ದರು. ಅಂದರೆ ಬೇರೆ ಕಡೆ ಮಣ್ಣಿನ ಕೆಲಸ ಜಾಸ್ತಿ ಆದರೆ ಇಲ್ಲಿ ಸಾಮಗ್ರಿಗೆ ಜಾಗ ಸಿಗುತ್ತಿತ್ತು. ಇದು ಗೊತ್ತಾದ ದಿನ ನಾನು ಸಂಘದ ಹೆಂಗಸರನ್ನು ಕೂರಿಸಿಕೊಂಡು ಹೇಳಿದೆ: ನಾವು ಕೆರೆ ಹೂಳು ಎತ್ತಿದರೆ, ಬದು ಹಾಕಿದರೆ, ಆ ಕೂಲಿಯ ಬಲದ ಮೇಲೆ ನಮ್ಮ ಮಕ್ಕಳ ಕಟ್ಟಡಕ್ಕೆ ಸಿಮೆಂಟು ಬರುತ್ತದೆ. ಆ ವರ್ಷ ನಮ್ಮೂರಿನಲ್ಲಿ ಕೆಲಸ ಕೇಳಿ ನಮೂನೆ 6ರಲ್ಲಿ ಅರ್ಜಿ ಹಾಕಿದ ಹೆಂಗಸರು ಹಿಂದಿನ ವರ್ಷಕ್ಕಿಂತ ಎಷ್ಟೋ ಪಟ್ಟು. ಇವತ್ತು ಆ ಕಟ್ಟಡದ ಮುಂದೆ ಹಾದುಹೋಗುವಾಗ ನನಗೆ ಕಾಣುವುದು ಬಿಸಿಲಲ್ಲಿ ಮಂಕರಿ ಹೊತ್ತ ಆ ಹೆಂಗಸರೇ.

ಇದಕ್ಕೆಲ್ಲ ಮೊದಲು ವಿಷಯ ಕ್ರಿಯಾಯೋಜನೆಗೆ, ಅಂದರೆ ಪಂಚಾಯಿತಿಯ ವರ್ಷದ ಕೆಲಸಗಳ ಪಟ್ಟಿಗೆ, ಸೇರಬೇಕು. ಸೇರಬೇಕಾದರೆ ವಾರ್ಡ್ ಸಭೆಯಲ್ಲಿ ಬರಬೇಕು, ಅಲ್ಲಿಂದ ಗ್ರಾಮ ಸಭೆಗೆ ಹೋಗಬೇಕು. ಮುಂದಿನ ವರ್ಷದ ನರೇಗಾ ಕೆಲಸಗಳ ಪಟ್ಟಿ ಮಾಡುತ್ತಿದ್ದದ್ದು ಅಕ್ಟೋಬರ್ 2ರಿಂದ. ನಮ್ಮಲ್ಲಿ ವಾರ್ಡ್ ಸಭೆ ಯಾವಾಗಲೂ ಬೆಳಗ್ಗೆ ಹನ್ನೊಂದಕ್ಕೆ ಇಡುತ್ತಿದ್ದರು. ಅದು ಹೆಂಗಸರು ಹೊಲದಲ್ಲಿರುವ ಹೊತ್ತು. ಆ ಸಲ ಸಂಜೆ ಐದಕ್ಕೆ ಇಡಿಸಿದೆ, ದೇವಸ್ಥಾನದ ಮುಂದೆ, ಅದೇ ಸೋರುವ ಕೋಣೆಯ ಪಕ್ಕದಲ್ಲೇ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನಲವತ್ತಕ್ಕೂ ಜಾಸ್ತಿ ಹೆಂಗಸರು ಬಂದರು. ಸಿಸಿ ರಸ್ತೆ ಮೊದಲು ಬೇಕು ಅನ್ನುವವರು ಜೋರಾಗೇ ಇದ್ದರು. ಆಗ ಒಬ್ಬ ಸೊಸೆ, ಊರಿಗೆ ಬಂದು ಎರಡು ವರ್ಷವಾದರೂ ಸಭೆಯಲ್ಲಿ ಬಾಯಿ ತೆರೆದವಳಲ್ಲ, ಎದ್ದು ನಿಂತು ಕೋಣೆಯ ಬಾಗಿಲು ತೆಗೆದು "ಒಂದ್ಸಲ ಒಳಗೆ ಬಂದು ಕೂತ್ಕಳಿ ಅಣ್ಣ" ಅಂದಳು. ಯಾರೂ ಮಾತಾಡಲಿಲ್ಲ. ನಡಾವಳಿ ಪುಸ್ತಕದಲ್ಲಿ ಅಂಗನವಾಡಿ ಕಟ್ಟಡ ಮೊದಲನೇ ಸಾಲಿನಲ್ಲಿ ಬಂತು. ಬರೆಸಿ, ಓದಿಸಿ, ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದ ಮೇಲೆಯೇ ನಾನು ಅಲ್ಲಿಂದ ಎದ್ದದ್ದು. ಬಾಯಲ್ಲಿ ಒಪ್ಪಿಕೊಂಡದ್ದು ಎಷ್ಟೋ ಸಲ ಪುಸ್ತಕದಲ್ಲಿ ಇರುವುದಿಲ್ಲ. ಹೊಸ ಸದಸ್ಯೆಯರಿಗೆ ನಾನು ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ, ನಡಾವಳಿ ನೋಡಿ, ಅದರ ನಕಲು ತೆಗೆದುಕೊಳ್ಳಿ.

ಇನ್ನೊಂದು ವಿಷಯ. 15ನೇ ಹಣಕಾಸಿನ ದುಡ್ಡಿನಲ್ಲಿ 60 ಪಾಲು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟಿದ್ದರು, ಮಿಕ್ಕ 40 ಪಾಲನ್ನು ಮಾತ್ರ ನಮಗೆ ಬೇಕಾದ ಕಡೆ ಹಾಕಬಹುದಿತ್ತು. ಆ 40ಕ್ಕೆ ಹತ್ತು ಕೈಗಳು ಚಾಚಿರುತ್ತಿದ್ದವು. "ಅಂಗನವಾಡಿಗೆ ದುಡ್ಡಿಲ್ಲ" ಅನ್ನುವುದು ಅಲ್ಲಿಂದ ಬಂದ ಮಾತು. ಆದರೆ ಅಂಗನವಾಡಿಯ ಶೌಚಾಲಯ ನೈರ್ಮಲ್ಯವೇ, ಅಲ್ಲಿನ ನಲ್ಲಿ ಕುಡಿಯುವ ನೀರೇ. ಆ 60ರಲ್ಲೇ ಅದನ್ನು ಮಾಡಿಸಬಹುದು ಅಂತ ನಮಗೆ ಹೇಳಿಕೊಟ್ಟವರು ಪಕ್ಕದ ಪಂಚಾಯಿತಿಯ ಒಬ್ಬ ಹಿರಿಯ ಸದಸ್ಯೆ. ಹಾಗೇ ಮಾಡಿಸಿದೆವು. ಮೊದಲು ಬಂದ ಎಸ್ಟಿಮೇಟಿನಲ್ಲಿ ದೊಡ್ಡವರ ಕಮೋಡು ಹಾಕಿದ್ದರು. ಮೂರು ವರ್ಷದ ಮಗು ಅದರ ಮೇಲೆ ಕಾಲಿಡಲು ಹೆದರುತ್ತದೆ, ಹೊರಗೆ ಹೋಗುತ್ತದೆ. ಚಿಕ್ಕ ಮಕ್ಕಳ ಅಳತೆಯದ್ದು, ಕೈತೊಳೆಯುವ ನಲ್ಲಿ ಮಕ್ಕಳ ಎದೆಮಟ್ಟಕ್ಕೆ ಅಂತ ಟೀಚರ್ ಕೈಯಲ್ಲಿ ಅಳತೆ ಬರೆಸಿ ಕೊಟ್ಟೆವು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಇವತ್ತು ಅಲ್ಲಿ ಮಕ್ಕಳು ತಾವೇ ಹೋಗಿ ತಾವೇ ಕೈ ತೊಳೆದು ಬರುತ್ತವೆ.

ಕಟ್ಟಡ 2023ರ ಬೇಸಿಗೆಯಲ್ಲಿ ಶುರುವಾಯಿತು. ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಸಾಮಗ್ರಿಯ ದುಡ್ಡು ಬಂದಿಲ್ಲ ಅಂತ. ಏಳು ತಿಂಗಳು ಹಾಗೇ ನಿಂತಿತ್ತು. ಗೋಡೆ ಸಂದಿಯಲ್ಲಿ ಎಕ್ಕದ ಗಿಡ ಬೆಳೆಯಿತು. ಜಿಲ್ಲೆಗೆ ಹೋದರೆ ಬಿಲ್ ಕಳಿಸಿದ್ದೇವೆ ಅಂದರು, ತಾಲ್ಲೂಕಿಗೆ ಬಂದರೆ ಬಂದಿಲ್ಲ ಅಂದರು. ಸಿಮೆಂಟು ಕೊಟ್ಟ ಅಂಗಡಿಯವರು ನನ್ನ ಮನೆ ಬಾಗಿಲಿಗೇ ಬಂದು ಕೇಳಿದ ದಿನ ನಾನು ಅತ್ತಿದ್ದೇನೆ. ಆ ಏಳು ತಿಂಗಳಲ್ಲಿ ಮೂರು ತಾಯಂದಿರು ಸಾಲ ಮಾಡಿ ಮಕ್ಕಳನ್ನು ವ್ಯಾನಿನಲ್ಲಿ ದೂರದ ಖಾಸಗಿ ಎಲ್‌ಕೆಜಿಗೆ ಕಳಿಸಿದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರಲಿಲ್ಲ. 2024ರ ಆಗಸ್ಟಿನಲ್ಲಿ ಕಟ್ಟಡ ಮುಗಿದು ಹಾಲು ಉಕ್ಕಿಸಿದೆವು. ನನ್ನ ಮಗಳು ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದಳು. ಆ ಕಟ್ಟಡದಲ್ಲಿ ಅವಳು ಒಂದು ದಿನವೂ ಕೂರಲಿಲ್ಲ. ಮಗುವಿನ ಬಾಲ್ಯ ಟೆಂಡರು, ಬಿಲ್ಲುಗಳಿಗೆ ಕಾಯುವುದಿಲ್ಲ.

ಈ ನಡುವೆ ಇನ್ನೂ ಚಿಕ್ಕ ಮಕ್ಕಳ ವಿಷಯ ಎದುರಾಯಿತು. ಅಂಗನವಾಡಿಯಲ್ಲಿ ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದವರನ್ನು. ಆರು ತಿಂಗಳ, ಒಂದು ವರ್ಷದ ಕೂಸಿನ ಪಾಡೇನು? ಕೆರೆ ಕೆಲಸಕ್ಕೆ ಬಂದ ಹೆಂಗಸರು ಕೂಸನ್ನು ಜಾಲಿ ಮರದ ಕೊಂಬೆಗೆ ಸೀರೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. 2023ರ ಜನವರಿಯಿಂದ ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಹಾಜರಿ ಫೋಟೋ ಕಡ್ಡಾಯವಾಯಿತು. ಮೊದಲಾದರೆ ಬೇಗ ಬಂದು ಪಾಲಿನ ಮಣ್ಣು ಎತ್ತಿ ಮುಗಿಸಿ ಮನೆಗೆ ಹೋಗಿ ಹಾಲು ಕುಡಿಸುತ್ತಿದ್ದರು. ಎರಡನೇ ಫೋಟೋ ಬಂದ ಮೇಲೆ ಅದೂ ಇಲ್ಲವಾಯಿತು. ನರೇಗಾ ಕಾಯ್ದೆಯಲ್ಲೇ ಇತ್ತು, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕು, ಅವರಿಗೂ ಅಷ್ಟೇ ಕೂಲಿ ಕೊಡಬೇಕು ಅಂತ. ನಮ್ಮಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಅದೇ ವರ್ಷ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ', ಅಂದರೆ ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಜಾಗ, ಮಾಡುವುದಾಗಿ ಘೋಷಿಸಿತು. ಇದು ನಮ್ಮದೇ ಇಲಾಖೆ, ಅಂದರೆ ಪಂಚಾಯತ್ ರಾಜ್ ಇಲಾಖೆಯ ಯೋಜನೆ. ಇಲ್ಲಿ 'ನಮ್ಮ ಬಾಬ್ತಲ್ಲ' ಅನ್ನುವ ಹಾಗಿರಲಿಲ್ಲ. ಹಳೇ ಶಾಲೆಯ ಖಾಲಿ ಕೋಣೆಗೆ ಸುಣ್ಣ ಬಣ್ಣ ಮಾಡಿಸಿ, ತೊಟ್ಟಿಲು, ಚಾಪೆ, ಆಟಿಕೆ ತಂದು ತೆರೆದೆವು. ನೋಡಿಕೊಳ್ಳುವವರು ನರೇಗಾ ಜಾಬ್ ಕಾರ್ಡ್ ಇರುವ ಊರಿನ ಹೆಂಗಸರೇ, ತರಬೇತಿ ಕೊಟ್ಟಿರುತ್ತಾರೆ. ಆ ವರ್ಷದ ನರೇಗಾ ಕೂಲಿ ದಿನಕ್ಕೆ 316 ರೂಪಾಯಿ. ಮೊದಲ ದಿನ ಬಂದದ್ದು ಎರಡೇ ಕೂಸು. ಯಾರ ಕೈಗೋ ಕೂಸು ಕೊಟ್ಟು ಹೋಗಲು ತಾಯಂದಿರಿಗೆ ಧೈರ್ಯ ಬರಲಿಲ್ಲ. ಎರಡು ವಾರ ಅತ್ತೆಯಂದಿರು ಬಂದು ಬಾಗಿಲಲ್ಲೇ ಕೂತು ನೋಡಿಕೊಂಡು ಹೋದರು. ನಿಧಾನಕ್ಕೆ ಹನ್ನೊಂದು ಕೂಸುಗಳಾದವು.

ಆದರೆ ಇದರಲ್ಲಿ ಒಂದು ದೊಡ್ಡ ತೊಡಕಿದೆ, ಇದನ್ನು ನಾನು ತಾಲ್ಲೂಕಿನ ಸಭೆಯಲ್ಲೂ ಹೇಳಿದ್ದೇನೆ. ಆಗ ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಕೆಲಸ ಇತ್ತು. ಕೂಲಿ ಆ ಲೆಕ್ಕದಲ್ಲೇ ಹೋಗಬೇಕಾದ್ದರಿಂದ ನೋಡಿಕೊಳ್ಳುವವರನ್ನು ಸರದಿಯಲ್ಲಿ ಬದಲಿಸಬೇಕಾಗುತ್ತಿತ್ತು. ಕೂಸು ಒಬ್ಬರ ದನಿ, ಒಬ್ಬರ ಮಡಿಲು, ಒಬ್ಬರ ವಾಸನೆಗೆ ಒಗ್ಗಿಕೊಳ್ಳುವ ಹೊತ್ತಿಗೆ ಅವರ ದಿನ ಮುಗಿದಿರುತ್ತದೆ. ಹೊಸಬರು ಬಂದ ವಾರ ಕೂಸುಗಳು ಊಟ ಬಿಟ್ಟವು, ನಾನೇ ನೋಡಿದ್ದೇನೆ. ಮಣ್ಣು ಅಗೆಯುವ ಕೆಲಸಕ್ಕೆ ಯಾರು ಬಂದರೂ ನಡೆಯುತ್ತದೆ, ಕೂಸು ಸಾಕುವುದಕ್ಕೆ ನಡೆಯುವುದಿಲ್ಲ. ನಾವು ಮಾಡಿದ ಉಪಾಯ ಏನೆಂದರೆ ನೋಡಿಕೊಳ್ಳುವ ಇಬ್ಬರನ್ನೂ ಒಟ್ಟಿಗೆ ಬದಲಿಸದೆ ಒಬ್ಬರು ಹಳಬರು ಇರುವ ಹಾಗೆ ಸರದಿ ಹಾಕಿದ್ದು. ಒಬ್ಬರನ್ನು ಪಂಚಾಯಿತಿಯ ಸ್ವಂತ ಆದಾಯದಿಂದ, ಅಂದರೆ ಕಂದಾಯದ ದುಡ್ಡಿನಿಂದ, ಮೂರು ತಿಂಗಳು ಉಳಿಸಿಕೊಂಡೆವು. ಅದಕ್ಕಿಂತ ಜಾಸ್ತಿ ನಮ್ಮ ಕೈಲಾಗಲಿಲ್ಲ. ಈ ನಿಯಮ ಬದಲಾಗಲೇಬೇಕು.

ಊಟದ ವಿಷಯದಲ್ಲಿ ಕಲಿತದ್ದು ಬೇರೆ. ಪ್ರತಿ ಅಂಗನವಾಡಿಗೂ ಬಾಲ ವಿಕಾಸ ಸಮಿತಿ ಅಂತ ಇರುತ್ತದೆ. ನಮ್ಮಲ್ಲಿ ಮೊಟ್ಟೆಯ ದುಡ್ಡು ಬರುತ್ತಿದ್ದದ್ದು ಅದರ ಖಾತೆಗೆ, ಟೀಚರ್ ಮತ್ತು ಸಮಿತಿ ಅಧ್ಯಕ್ಷೆ ಇಬ್ಬರೂ ಸಹಿ ಹಾಕಿ ತೆಗೆಯಬೇಕು. ನಾನು ಅಧ್ಯಕ್ಷೆಯನ್ನು ಹುಡುಕಿಕೊಂಡು ಹೋದಾಗ ಆ ತಾಯಿಗೆ ತಾನು ಅಧ್ಯಕ್ಷೆ ಅನ್ನುವುದೇ ಗೊತ್ತಿರಲಿಲ್ಲ. "ಟೀಚರ್ ಸಹಿ ಕೇಳ್ತಾರೆ, ಹಾಕ್ತೀನಕ್ಕ" ಅಂದಳು. ಟೀಚರನ್ನು ಅನುಮಾನಿಸುವುದು ಬೇಡ. ಮೊಟ್ಟೆ ಬೆಲೆ ಏರಿದಾಗ, ದುಡ್ಡು ತಡವಾದಾಗ ಅವರು ತಮ್ಮ ಕೈಯಿಂದ ಹಾಕಿ ಅಂಗಡಿಯಲ್ಲಿ ಸಾಲ ಹೇಳಿದ್ದು ನನಗೆ ಗೊತ್ತು. ಆದರೆ ಆ ಕಷ್ಟವನ್ನು ಅವರೊಬ್ಬರೇ ಹೊರುತ್ತಿದ್ದರಲ್ಲ, ಸಮಿತಿ ಇರುವುದು ಯಾಕೆ? ತಿಂಗಳಿಗೊಮ್ಮೆ ಸಭೆ ಸೇರಲು ಶುರು ಮಾಡಿದೆವು. ಎರಡನೇ ಸಭೆಯಲ್ಲೇ ತಾಯಂದಿರು ಪಾಸ್‌ಬುಕ್ ಓದಿ ಮೂರು ತಿಂಗಳ ಬಾಕಿ ಹಿಡಿದರು. ಸಮಿತಿಯ ಹೆಸರಿನಲ್ಲಿ ಅರ್ಜಿ ಹೋಯಿತು, ದುಡ್ಡು ಬಂತು. ಟೀಚರ್ ಒಬ್ಬರೇ ಕೇಳಿದರೆ ಮೇಲಿನವರಿಂದ ಬೈಗುಳ, ಹತ್ತು ತಾಯಂದಿರು ಕೇಳಿದರೆ ಅದು ಅರ್ಜಿ.

ತೂಕದ ಲೆಕ್ಕದ ಬಗ್ಗೆಯೂ ಹೇಳಬೇಕು. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ತರಬೇತಿಯಲ್ಲಿ ಇದನ್ನು ಕೇಳಿ ಎದೆ ಧಸಕ್ ಅಂದಿತು. ನಮ್ಮೂರಿನಲ್ಲಿ ಎಷ್ಟು ಅಂತ ಪಂಚಾಯಿತಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಟೀಚರ್ ಪ್ರತಿ ತಿಂಗಳೂ ತೂಗಿ, ಅಳೆದು, ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪಿಗೆ ಹಾಕುತ್ತಾರೆ. ಅದು ದೆಹಲಿಗೆ ಹೋಗುತ್ತದೆ, ನಮ್ಮ ಪಂಚಾಯಿತಿಗೆ ಬರುವುದಿಲ್ಲ. ಕೊನೆಗೆ ಮಕ್ಕಳ ಹೆಸರಿಲ್ಲದೆ ಬರೀ ಸಂಖ್ಯೆಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಪ್ರತಿ ತಿಂಗಳು ಕೊಡುವಂತೆ ಕೇಳಿಕೊಂಡೆವು. ಮೇಲ್ವಿಚಾರಕಿ ಮೊದಲು ಅನುಮತಿ ಬೇಕು ಅಂದರು, ಆಮೇಲೆ ಒಪ್ಪಿದರು. ಮೊದಲ ತಿಂಗಳು ನಮ್ಮ ಪಂಚಾಯಿತಿಯ ಆರು ಅಂಗನವಾಡಿಗಳಲ್ಲಿ ನಾಲ್ಕು ಮಕ್ಕಳು ತೀರಾ ಕೆಟ್ಟ ಸ್ಥಿತಿಯಲ್ಲಿದ್ದರು. ನಾಲ್ವರಲ್ಲಿ ಮೂವರು ಒಂದೇ ಕಡೆಯವರು, ಗೊಲ್ಲರಹಟ್ಟಿಯವರು.

ಹಟ್ಟಿಗೆ ಬರುವ ಮೊದಲು ಇದೊಂದನ್ನು ಬರೆಯದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಹೊಸ ಕಟ್ಟಡ ಆದ ಮೇಲೆ ಹಳೇ ಆಯಾ ನಿವೃತ್ತರಾಗಿ ಹೊಸಬರು ಬಂದರು, ದಲಿತರ ಕಾಲೊನಿಯ ಹುಡುಗಿ, ಪಿಯುಸಿ ಓದಿದವಳು. ಮಾರನೇ ದಿನದಿಂದ ಐದು ಮನೆಯ ಮಕ್ಕಳು ಬರಲಿಲ್ಲ. ಕೇಳಿದರೆ ನೆಗಡಿ, ಜ್ವರ ಅಂದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಅವಳನ್ನು ಬೇರೆ ಕಡೆ ಹಾಕಿಸಿ ಅಂತ ನನ್ನ ಹತ್ತಿರವೇ ಬಂದು ಹೇಳಿದವರಿದ್ದಾರೆ, ನನ್ನ ನೆಂಟರೇ. ನೇಮಕ ಪಂಚಾಯಿತಿಯ ಕೈಯಲ್ಲಿಲ್ಲ, ಇದ್ದಿದ್ದರೂ ನಾನು ಮಾಡುತ್ತಿರಲಿಲ್ಲ. ಪಂಚಾಯಿತಿ ಅಧ್ಯಕ್ಷರು, ನಾನು, ಇನ್ನಿಬ್ಬರು ಸದಸ್ಯರು ದಿನಾ ಒಬ್ಬೊಬ್ಬರಂತೆ ಹೋಗಿ ಮಕ್ಕಳ ಪಂಕ್ತಿಯಲ್ಲಿ ಕೂತು ಅವಳು ಬಡಿಸಿದ್ದನ್ನು ಊಟ ಮಾಡಿದೆವು. ಹನ್ನೆರಡು ದಿನ. ನಾಲ್ಕು ಮನೆಯ ಮಕ್ಕಳು ವಾಪಸ್ ಬಂದರು. ಐದನೆಯ ಮನೆಯವರು ಇವತ್ತಿಗೂ ಕಳಿಸುತ್ತಿಲ್ಲ. ಆ ಹನ್ನೆರಡು ದಿನ ಆ ಹುಡುಗಿ ಏನು ಅನುಭವಿಸಿದಳೋ ಅದಕ್ಕೆ ನಮ್ಮ ಊಟ ಪರಿಹಾರ ಅಲ್ಲ. ಅವಳು ಒಂದು ದಿನವೂ ರಜೆ ಹಾಕಲಿಲ್ಲ.

ಈಗ ಹಟ್ಟಿ. ಊರಿನಿಂದ ಒಂದೂಮುಕ್ಕಾಲು ಕಿಲೋಮೀಟರ್, ಮಧ್ಯೆ ಲಾರಿಗಳು ಓಡಾಡುವ ಡಾಂಬರು ರಸ್ತೆ ದಾಟಬೇಕು. ಮೂರು ವರ್ಷದ ಮಗು ನಡೆಯುವ ದೂರ ಅಲ್ಲ. ತಾಯಂದಿರು ಕುರಿ ಬಿಟ್ಟು ಬಂದು ಮಗುವನ್ನು ಬಿಟ್ಟು ಮತ್ತೆ ಮಧ್ಯಾಹ್ನ ಕರೆದೊಯ್ಯುವುದು ಆಗದ ಮಾತು. ಅಲ್ಲಿಗೇ ಒಂದು ಮಿನಿ ಅಂಗನವಾಡಿ ಕೊಡಿ ಅಂತ ಗ್ರಾಮ ಸಭೆಯಲ್ಲಿ ತೀರ್ಮಾನ ಮಾಡಿ ಕಳಿಸಿದೆವು. ವಾಪಸ್ ಬಂತು. ಹಳ್ಳಿಗಾಡಿನಲ್ಲಿ ಮಿನಿ ಅಂಗನವಾಡಿಗೆ ಕನಿಷ್ಠ 150 ಜನಸಂಖ್ಯೆ ಬೇಕು. 2006ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ದಾರಿ ತೆರೆದಿದೆ, ಅಂಗನವಾಡಿ ಇಲ್ಲದ ಹಳ್ಳಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ ಜನ ಕೇಳಿದ ಮೂರು ತಿಂಗಳಲ್ಲಿ ಕೊಡಬೇಕು ಅಂತ. ಹಟ್ಟಿಯಲ್ಲಿ ಆಗ 146 ಜನ, 19 ಮಕ್ಕಳು. ಎರಡೂ ದಾರಿಯಲ್ಲಿ ಹೊರಗೆ.

ಸದ್ಯಕ್ಕೆ ಹಟ್ಟಿಯ ಹೆಂಗಸರೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ದಿನಕ್ಕೊಬ್ಬರಂತೆ ಬಾಡಿಗೆ ಆಟೋದಲ್ಲಿ ದೊಡ್ಡ ಮಕ್ಕಳನ್ನು ಕರೆತಂದು ಸಂಜೆಯವರೆಗೆ ಊರಿನಲ್ಲೇ ಇದ್ದು ಕರೆದೊಯ್ಯುತ್ತಾರೆ. ಆಟೋ ಬಾಡಿಗೆಯಲ್ಲಿ ಅರ್ಧ ಪಂಚಾಯಿತಿ ಕೊಡುತ್ತಿದೆ, ಅದಕ್ಕೂ ಆಡಿಟ್‌ನಲ್ಲಿ ಆಕ್ಷೇಪಣೆ ಬಂದಿದೆ, ಉತ್ತರ ಬರೆದು ಕಳಿಸಿದ್ದೇವೆ. ನಮ್ಮ ಅವಧಿ ಐದೇ ವರ್ಷ. ಮುಂದೆ ಬರುವವರಿಗೆ ಸಿಗಲಿ ಅಂತ ಹಟ್ಟಿಯ ಅರ್ಜಿ, ನಡಾವಳಿ ನಕಲು, ತೂಕದ ಪಟ್ಟಿ ಎಲ್ಲ ಒಂದೇ ಕಡತದಲ್ಲಿ ಕಟ್ಟಿ ಪಂಚಾಯಿತಿಯ ಬೀರುವಿನಲ್ಲಿ ಇಡಿಸಿದ್ದೇನೆ, ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲೂ ಇದೆ.

ಕಳೆದ ತಿಂಗಳು ಹಟ್ಟಿಯಲ್ಲಿ ಎರಡು ಹೆರಿಗೆ ಆಯಿತು. ಒಬ್ಬ ಹುಡುಗನಿಗೆ ಮದುವೆಯಾಗಿ ಸೊಸೆ ಬಂದಿದ್ದಾಳೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಒಂದು ಸಂಸಾರ ವಾಪಸ್ ಬಂದಿದೆ, ನಾಲ್ಕು ಜನ. ಭಾನುವಾರ ಆಶಾ ಕಾರ್ಯಕರ್ತೆ ಮತ್ತು ಟೀಚರ್ ಇಬ್ಬರನ್ನೂ ಕರೆದುಕೊಂಡು ಹೋಗಿ ಮನೆ ಮನೆ ಲೆಕ್ಕವನ್ನು ಮತ್ತೆ ಮಾಡುತ್ತೇವೆ.